ಹೋಗಬೇಡಿ ಎಂದ ಗೊಂಬೆಯಕ್ಕ

ಗೊಂಬೆ ನಾಟಕದ ತಂಡವನ್ನು ಕಟ್ಟಿದ್ದು ಅವಳ ಗಂಡ. ಆತ ತೀರಿಕೊಂಡ ಮೇಲೆ ಮೈದುನ ನಿರ್ದೇಶಕನಾದ. ಅವಳು ಮಾತ್ರ ರಂಗಮಂದಿರದ ಹಿಂದಿನ ಕೋಣೆಯಲ್ಲೇ ಉಳಿದಳು. ಮರದ ತಲೆ ಕೆತ್ತುವುದು, ಕೀಲು ಕೂರಿಸುವುದು, ಬಟ್ಟೆ ಹೊಲಿಯುವುದು ಎಲ್ಲ ಅವಳದೇ. ಬೆರಳಿಗೆ ಸದಾ ಅಂಟು ಮೆತ್ತಿರುತ್ತಿತ್ತು. "ಅಕ್ಕನ ಕೈಗೆ ಲೋಟ ಕೊಟ್ರೆ ವಾಪಸ್ ಬರಲ್ಲ" ಎಂದು ನಟರು ನಗಾಡುತ್ತಿದ್ದರು. ಅವರೆಲ್ಲರಿಗೂ ಆಕೆ ಗೊಂಬೆಯಕ್ಕ.

ಹಿಂದೊಮ್ಮೆ ಪರದೇಶದ ಕಾರ್ಯಾಗಾರವೊಂದರಲ್ಲಿ ಗಾಜಾದ ಗೊಂಬೆಗಾತಿಯೊಬ್ಬಳು ಅವಳ ಪಕ್ಕದ ಮೇಜಿಗೆ ಬಂದಿದ್ದಳು. ಅರೆಬರೆ ಇಂಗ್ಲಿಷಿನಲ್ಲೇ ಇಬ್ಬರಿಗೂ ಗೆಳೆತನ ಕುದುರಿತು. ಹಳೆಯ ಸೈಕಲ್ ಟ್ಯೂಬಿನ ತುಂಡಿನಿಂದ ಗೊಂಬೆಯ ಕತ್ತು ಮೆಲ್ಲಗೆ ವಾಲುವಂತೆ ಮಾಡುವುದನ್ನು ಕಲಿಸಿದ್ದು ಅವಳೇ. ತಂಡಕ್ಕೆ ಹೆಸರು ತಂದುಕೊಟ್ಟ ಮುದುಕನ ಗೊಂಬೆ ಗೋಣು ಆಡಿಸುತ್ತಿದ್ದುದು ಆ ತುಂಡಿನಿಂದ.

ಮುಂದೆ ತಂಡದವರು ತಮ್ಮ ಉತ್ಸವಕ್ಕೆ ಆ ಗೆಳತಿಯನ್ನು ಕರೆದರು. ಗಾಜಾದಿಂದ ಹೊರಡಲು ಇಸ್ರೇಲ್ ಅವಳಿಗೆ ಪರವಾನಗಿ ಕೊಡಲಿಲ್ಲ. ಮೈದುನ ವೇದಿಕೆಯ ಮೇಲೆ ಖಾಲಿ ಕುರ್ಚಿ ಇಡಿಸಿ, ಗದ್ಗದಿತನಾಗಿ ಮಾತಾಡಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆಮೇಲೆ ಬಾಂಬು ಬಿದ್ದು ಆ ಗೆಳತಿಯ ರಂಗಮಂದಿರ ನೆಲಸಮವಾಯಿತು. ಅವಳ ಜೊತೆ ಗೊಂಬೆ ಆಡಿಸುತ್ತಿದ್ದ ಇಬ್ಬರು ಹುಡುಗಿಯರು ಅದರಡಿಯಲ್ಲೇ ಉಳಿದರು. ನಿರಾಶ್ರಿತರ ಗುಡಾರದಿಂದ ಅವಳು ಫೋನಿನಲ್ಲಿ ಕೇಳಿಕೊಂಡಿದ್ದು ಒಂದೇ: ಇಸ್ರೇಲ್ ಸರ್ಕಾರದ ವೇದಿಕೆ ಹತ್ತಬೇಡಿ, ನಿಮ್ಮ ಕಲಾವಿದರಿಗೂ ಹೇಳಿ.

ಅದೇ ಸರ್ಕಾರದ ಉತ್ಸವದಿಂದ ತಂಡಕ್ಕೆ ಆಹ್ವಾನ ಬಂತು.

"ಕಲೆಗೂ ರಾಜಕೀಯಕ್ಕೂ ಏನು ಸಂಬಂಧ ಅತ್ತಿಗೆ? ನಾವು ಹೋಗೋದು ಮಕ್ಕಳ ಮುಂದೆ ಗೊಂಬೆ ಆಡಿಸೋಕೆ" ಎಂದ ಮೈದುನ.

"ಕುರ್ಚಿ ಇಟ್ಟು ಕಣ್ಣೀರು ಹಾಕಿದ್ಯಲ್ಲಪ್ಪ, ಅವತ್ತು ಈ ಮಾತು ಎಲ್ಲಿ ಹೋಗಿತ್ತು? ಅವಳನ್ನ ತಡೆದವರೇ ಈಗ ನಿನಗೆ ಟಿಕೆಟ್ ಕಳಿಸಿರೋದು."

"ಅಲ್ಲೇ ನಿಂತು ಶಾಂತಿ ಬಗ್ಗೆ ಎರಡು ಮಾತು ಆಡ್ತೀನಿ."

"ಅವರಿಗೂ ಅದೇ ಬೇಕು. ನೀನು ಮಾತಾಡ್ತೀಯ, ಅವರು ಫೋಟೋ ತೆಗೀತಾರೆ. ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಊರಿಗೆಲ್ಲ ತೋರಿಸ್ತಾರೆ."

ಅವನು ಫೋನ್ ಬಂದವನಂತೆ ಎದ್ದು ಹೋದ.

ಅವಳು ಒಬ್ಬೊಬ್ಬರ ಮನೆಗೂ ಹೋದಳು. ಹಾಸ್ಯನಟ ಸೋಫಾದಲ್ಲಿ ಕೂರಿಸಿ, "ನಾನೊಬ್ಬ ಹೋಗದಿದ್ರೆ ಯುದ್ಧ ನಿಲ್ಲುತ್ತಾ ಅಕ್ಕ?" ಎಂದ.

"ನಿಲ್ಲಲ್ಲ ಕಣಪ್ಪ. ಅಲ್ಲಿನ ಜನರ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಆ ಸರ್ಕಾರದ ಮುಖಕ್ಕೆ ನಾವು ಯಾಕೆ ಬಣ್ಣ ಬಳೀಬೇಕು?"

ಅವನು ನಕ್ಕು ಟೀವಿ ಹಚ್ಚಿದ. ಹಾಡುಗಾತಿ ಬಾಗಿಲಲ್ಲೇ ನಿಲ್ಲಿಸಿ, "ನಂಗೆ ಇಂಥ ಅವಕಾಶ ಇನ್ನೊಂದು ಸಲ ಬರುತ್ತಾ, ನೀವೇ ಹೇಳಿ" ಎಂದು ಮುಖ ತಿರುಗಿಸಿದಳು. ಡ್ರಮ್ ಬಾರಿಸುವ ಅಜ್ಜ ಮಾತ್ರ ಅವಳ ಕೈ ಹಿಡಿದು, "ನಾನು ಹೋಗಲ್ಲಮ್ಮ, ಇದು ಸತ್ಯ" ಎಂದ. ಅವಳು ಮನೆಗೆ ಬಂದು ಹೊಟ್ಟೆ ತುಂಬ ಉಂಡಳು.

ಗೊಂಬೆಗಳು ತಂಡದ ಸೊತ್ತು, ಬಚ್ಚಿಡುವ ಹಕ್ಕು ಅವಳಿಗಿರಲಿಲ್ಲ. ಆದರೆ ಪೆಟ್ಟಿಗೆ ಕಟ್ಟಲು ಕೈ ಹಾಕಲಿಲ್ಲ. ಉಳಿದವರು ಬಟ್ಟೆ ತುರುಕಿದಂತೆ ತುರುಕಿಕೊಂಡು ಹೊರಟರು. ವಿಮಾನ ನಿಲ್ದಾಣದ ಫೋಟೋದಲ್ಲಿ ಅಜ್ಜ ಹೊಸ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಹಲ್ಲು ಕಿರಿಯುತ್ತಿದ್ದ.

"ಹೋದರಾ?" ಎಂದು ಗುಡಾರದಿಂದ ಪ್ರಶ್ನೆ ಬಂತು. ಸುಳ್ಳು ಹೇಳಲು ಬೆರಳು ಬರಲಿಲ್ಲ. "ಹೋದರು" ಎಂದು ಬರೆದಳು. ಗೆಳತಿ ಅದನ್ನು ಓದಿದ ಗುರುತು ಫೋನಿನಲ್ಲಿ ಕಂಡಿತು. ಉತ್ತರ ಬರಲಿಲ್ಲ.

ತಂಡ ಹೂಗುಚ್ಛ ಹಿಡಿದು ಮರಳಿತು. ಮೈದುನ ಕೋಣೆಗೆ ಬಂದು, "ಮುದುಕನ ಕತ್ತು ಕಿತ್ತು ಬಂದಿದೆ ಅತ್ತಿಗೆ, ಸ್ವಲ್ಪ ನೋಡಿ" ಎಂದ, ಏನೂ ಆಗಿಯೇ ಇಲ್ಲವೆಂಬಂತೆ.

"ಅದನ್ನ ಕಲಿಸಿದವಳು ಬದುಕಿದ್ದಾಳೋ ಇಲ್ವೋ ಗೊತ್ತಿಲ್ಲ. ನೀನೇ ಸರಿ ಮಾಡ್ಕೋ" ಎಂದು ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು. ಗಂಡನ ತಂಡದಲ್ಲಿ ಅವಳನ್ನು ಯಾರೂ ತಡೆಯಲಿಲ್ಲ.

ಈಗ ಬಟ್ಟೆ ಅಂಗಡಿಯ ಪ್ರದರ್ಶನದ ಬೊಂಬೆಗಳಿಗೆ ಮುರಿದ ಬೆರಳು ಅಂಟಿಸುತ್ತಾಳೆ. ಮೊನ್ನೆ ಪಕ್ಕದ ಬೀದಿಯ ಪಿಟೀಲುಗಾರನಿಗೂ ಆ ಉತ್ಸವದ ಕರೆ ಬಂದ ಸುದ್ದಿ ಕಿವಿಗೆ ಬಿತ್ತು. ಕೆಲಸ ಮುಗಿಸಿ ನೇರ ಅಲ್ಲಿಗೆ ಹೋದಳು. ಒಳಗೆ ಪಿಟೀಲು ನುಡಿಯುತ್ತಿತ್ತು. ಬಾಗಿಲು ತಟ್ಟಿದಳು. ಕಿಟಕಿಯ ಪರದೆ ಸರಿಯಿತು, ಪಿಟೀಲು ನಿಂತಿತು. ಬಾಗಿಲು ತೆರೆಯಲಿಲ್ಲ. ಅವಳು ಇನ್ನೊಮ್ಮೆ ತಟ್ಟಿದಳು.