ಹಾಡಿಕೊಂಡು ಅಳುವ ದೇವಿರಮ್ಮ

ಬೆಳಕವಾಡಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ತಮಟೆಯವರಿಗೆ ಹೇಳಿ ಕಳಿಸುತ್ತಾರೆ, ಆಮೇಲೆ ದೇವಿರಮ್ಮನಿಗೆ. ಅವಳು ಬರುವವರೆಗೆ ಸಾವಿನ ಮನೆ ಸಪ್ಪಗಿರುತ್ತದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ. ದೇವಿರಮ್ಮ ಎಲೆಅಡಿಕೆಯನ್ನು ಬೀದಿಯಲ್ಲೇ ಉಗಿದು, ಬಾಯಿ ಮುಕ್ಕಳಿಸಿ, ಹೆಣದ ತಲೆದೆಸೆಯಲ್ಲಿ ಕೂತು ರಾಗ ತೆಗೆದಳೆಂದರೆ ಮುಗಿಯಿತು. ಸತ್ತವರು ಉತ್ತ ಗದ್ದೆ, ಸಾಕಿದ ಹಸು, ನುಂಗಿಕೊಂಡ ಅವಮಾನ ಎಲ್ಲವೂ ಹಾಡಾಗಿ ಬರುತ್ತವೆ. ಬಿಗಿದುಕೊಂಡು ಕೂತ ಗಂಡಸರೂ ಟವೆಲಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ಇದಕ್ಕಾಗಿ ಅವಳು ಯಾರ ಮನೆಯಲ್ಲೂ ಏನನ್ನೂ ಪಡೆದವಳಲ್ಲ. ಅತ್ತಾದ ಮೇಲೆ ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ಬಿಸಿ ಮುದ್ದೆ ಬಸ್ಸಾರು ಉಂಡು ಗಡದ್ದಾಗಿ ನಿದ್ದೆ ಹೊಡೆಯುತ್ತಾಳೆ. ಎದೆಯಲ್ಲಿ ಏನನ್ನೂ ಕಟ್ಟಿಟ್ಟುಕೊಳ್ಳದವಳಿಗೆ ನಿದ್ದೆಗೇನು ಬರ.

ಅಂಥವಳಿಗೂ ಒಂದು ಕೊರಗಿತ್ತು: ನಾನು ಸತ್ತರೆ ನನಗೆ ಹಾಡಿಕೊಂಡು ಅಳುವವರು ಯಾರು? ಮನೆಯಲ್ಲೇ ಹೊಲಿಗೆ ಮಾಡುವ ಮಗಳು ನಾಗಶ್ರೀಗೆ ಇದೆಲ್ಲ ನಾಚಿಕೆಯ ಸಂಗತಿ.

"ಮೊಬೈಲಲ್ಲಿ ಇಡ್ಕಂಡು ಊರಿಗೆಲ್ಲ ಕಳಿಸ್ತಾರೆ ಕಣವ್ವ. ಬುಟ್ಬುಡು ಇದ್ನ" ಎನ್ನುತ್ತಿದ್ದಳು.

ಹಾಗಾಗಿ ದೇವಿರಮ್ಮ ಗೆಳತಿ ಎಸ್ತೇರಮ್ಮನನ್ನೇ ನಂಬಿಕೊಂಡಿದ್ದಳು. ಎಸ್ತೇರಮ್ಮ ಕ್ರೈಸ್ತರ ಮನೆಯ ಹೆಂಗಸು. ಹರೆಯದಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಬಗ್ಗಿ ಭತ್ತದ ನಾಟಿ ಹಾಕಿದವರು. ದೇವಿರಮ್ಮ ಪದ ಎತ್ತಿದರೆ ಎಸ್ತೇರಮ್ಮ ಸೊಲ್ಲು ಹಿಡಿದು ಹಿಂದಿನಿಂದ ಹಾಡುತ್ತಿದ್ದಳು. ಯಾರು ಮೊದಲು ಹೋದರೂ ಉಳಿದವಳು ಹಾಡಿಕೊಂಡು ಅಳಬೇಕೆಂದು ಗದ್ದೆಯ ಬದುವಿನ ಮೇಲೆ ಕೂತು ಇಬ್ಬರೂ ಮಾತು ಕೊಟ್ಟುಕೊಂಡಿದ್ದರು.

ಹೋದ ವರ್ಷ ಸುಗ್ಗಿಗೆ ಮುಂಚೆ ಎಸ್ತೇರಮ್ಮ ತೀರಿಕೊಂಡಳು. ದೇವಿರಮ್ಮ ಹೋಗಿ ನೋಡಿದರೆ, ಪೆಟ್ಟಿಗೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಾಳೆ. ಸುತ್ತ ನಾಲ್ಕು ಜನ ಮೆತ್ತಗೆ ಕೀರ್ತನೆ ಹಾಡುತ್ತಿದ್ದಾರೆ. ಮಳವಳ್ಳಿಯಲ್ಲಿ ಟೀಚರಾಗಿರುವ ಮಗಳು ವೀಣ ಬಂದವರಿಗೆ ಕುರ್ಚಿ ಹಾಕುತ್ತ ಓಡಾಡುತ್ತಿದ್ದಳು. ಕಣ್ಣಿನಲ್ಲಿ ಒಂದು ತೊಟ್ಟು ನೀರಿಲ್ಲ. ಹೆತ್ತ ತಾಯಿ ಸತ್ತರೂ ಕಣ್ಣು ಒದ್ದೆಯಾಗದ ಇವಳೆಂಥ ಮಗಳು ಎಂದು ಆಚೆ ಜಗುಲಿಯಲ್ಲಿ ಪಿಸುಮಾತು ಶುರುವಾಗಿತ್ತು.

ದೇವಿರಮ್ಮ ಬಾಯಿ ಮುಕ್ಕಳಿಸಿ ಬಂದು ತಲೆದೆಸೆಯಲ್ಲಿ ಕೂತಳು. ಇನ್ನೇನು ರಾಗ ತೆಗೆಯಬೇಕು, ವೀಣ ಬಂದು ಕೈ ಹಿಡಿದುಕೊಂಡಳು.

"ಬ್ಯಾಡ ದೊಡ್ಡವ್ವ. ಅವ್ವ ದೇವ್ರತ್ರ ಓಗವ್ಳೆ. ನಾವು ಅತ್ರೆ ನಂಬಿಕೆ ಇಲ್ದಂಗಾಯ್ತದೆ."

ಎಷ್ಟೋ ಸಾವು ಕಂಡ ದೇವಿರಮ್ಮನನ್ನು ಅಳಬೇಡ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ದಿಗಿಲಾಯಿತು. ಕೊಟ್ಟ ಮಾತು ತೀರಿಸದೆ ಗೆಳತಿಯನ್ನು ಮಣ್ಣಿಗೆ ಕಳಿಸುವುದು ಹೇಗೆ? ಹಲಗೂರಿನಿಂದ ಬಂದಿದ್ದ ಪಾಸ್ಟರು ಅಶೋಕ್ ಪಕ್ಕದಲ್ಲೇ ನಿಂತಿದ್ದರು, ಇನ್ನೂ ಮೀಸೆ ಬಲಿಯುತ್ತಿದ್ದ ವಯಸ್ಸು. ಅವರತ್ತಲೇ ತಿರುಗಿದಳು.

"ನೀವೇ ಯೋಳಿ ಅಯ್ನೋರೆ. ಅಳಾದು ತೆಪ್ಪು ಅಂತ ನಿಮ್ ದ್ಯಾವ್ರು ಯೋಳವ್ನಾ?"

ಪಾಸ್ಟರು ಕೀರ್ತನೆಯ ಪುಸ್ತಕ ಮುಚ್ಚಿದರು. "ಇಲ್ಲ ಕಣಮ್ಮ. ಯೇಸುವೇ ಅತ್ತಿದ್ದಾನೆ. ಲಾಜರ ಅಂತ ಅವನ ಗೆಳೆಯ ಸತ್ತುಹೋಗಿದ್ದ. ಇನ್ನೊಂದು ಗಳಿಗೆಗೆ ಅವನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ, ಅಳ್ತಿದ್ದ ಲಾಜರನ ಅಕ್ಕತಂಗೀರನ್ನ ನೋಡಿ ತಾನೂ ಅತ್ತ."

"ಮತ್ತೆ ನಂಬಿಕೆ?" ಎಂದಳು ವೀಣ.

"ಮುಂದೇನೂ ಇಲ್ಲ ಅನ್ನೋರ ಥರ ದುಃಖ ಪಡಬೇಡಿ ಅಂತ ಸತ್ಯವೇದದಲ್ಲಿದೆ, ವೀಣಮ್ಮ. ಅಳಲೇಬೇಡಿ ಅಂತ ಎಲ್ಲೂ ಇಲ್ಲ. ಹಿಂದೆ ದೇಶಕ್ಕೆ ಕೇಡು ಬಂದಾಗ, ಹಾಡಿ ಅಳೋದು ಬಲ್ಲ ಹೆಂಗಸರನ್ನ ಬೇಗ ಕರೆಸಿ ಅಂತ ದೇವರೇ ಪ್ರವಾದಿ ಕೈಲಿ ಹೇಳಿಸಿದ. ನಿಮ್ಮ ಹೆಣ್ಣುಮಕ್ಕಳಿಗೂ ಕಲಿಸಿ ಅಂದ."

ದೇವಿರಮ್ಮ ಬಿಟ್ಟ ಬಾಯಿ ಬಿಟ್ಟಂತೆ ಕೇಳಿದಳು. "ನಮ್ಮಂತೋರ್ನ ಕರ್ಸಿ ಅಂದ್ನಾ?"

"ಅಂದ ಕಣಮ್ಮ."

ವೀಣ ಹಿಡಿದಿದ್ದ ಕೈ ಸಡಿಲಿಸಿದಳು. ದೇವಿರಮ್ಮ ರಾಗ ತೆಗೆದಳು. ಬಸುರಿ ನಾನು ಬಗ್ಗಲಾರದಾಗ ನನ್ನ ಪಾಲಿನ ಸಾಲನ್ನೂ ನೆಟ್ಟವಳೇ ಎಂದಳು. ಗಂಡ ಸತ್ತ ವರ್ಷ ಒಲೆ ಹಚ್ಚದ ನನ್ನ ಮನೆಗೆ ಸಾರಿನ ಮಡಕೆ ಹೊತ್ತು ತಂದವಳೇ ಎಂದಳು. ಸಾಯುವತನಕ ಸಾರಿಗೆ ಉಪ್ಪು ಹಾಕುವುದು ಕಲಿಯಲಿಲ್ಲವಲ್ಲೇ ನನ್ನವ್ವ ಎಂದಾಗ, ಆ ಸಾರು ಉಂಡವರೆಲ್ಲ ಅಳುತ್ತಲೇ ನಕ್ಕುಬಿಟ್ಟರು. ವೀಣಳೂ ನಕ್ಕಳು. ನಗು ಬಾಯಲ್ಲಿ ಇರುವಾಗಲೇ ಅಳು ಬಂದು, ದೇವಿರಮ್ಮನ ತೊಡೆಯ ಮೇಲೆ ಮುಖವಿಟ್ಟು ಬಿಕ್ಕಿದಳು. ಪಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ದಿನವೂ ದೇವಿರಮ್ಮ ಮನೆಗೆ ಬಂದು ಮುದ್ದೆ ಉಂಡಳು, ನಿದ್ದೆ ಮಾತ್ರ ಬರಲಿಲ್ಲ. ತನ್ನ ಪಾಲಿನ ಮಾತು ತೀರಿತ್ತು. ಇನ್ನೊಂದು ಪಾಲು ಎಸ್ತೇರಮ್ಮನ ಜೊತೆಗೇ ಮಣ್ಣಾಗಿತ್ತು.

ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ವೀಣ ಬಂದಳು. ಕಾಫಿ ಕುಡಿದು, ಲೋಟ ಕೆಳಗಿಟ್ಟು, "ದೊಡ್ಡವ್ವ, ನಂಗೆ ಅಳಾದು ಯೋಳ್ಕೊಡು" ಅಂದಳು.

"ನಿಂಗ್ಯಾಕವ್ವ?"

"ಮಾತು ಕೊಟ್ಟಿದ್ದು ನಮ್ಮವ್ವ, ನೀನೇ ಅವತ್ತು ಅಳ್ತಾ ಯೋಳ್ದಲ್ಲ. ಅವ್ಳ ಬದ್ಲು ನಾನಿವ್ನಿ. ಎಣ್ಮಕ್ಳಿಗೆ ಕಲ್ಸಿ ಅಂತ ದೇವ್ರೇ ಅಂದವ್ನಲ್ಲ."

ದೇವಿರಮ್ಮ ಎದ್ದು ಎಲೆಅಡಿಕೆ ಉಗಿದು ಬಂದು, ಜಗುಲಿಯ ಮೇಲೆ ಚಾಪೆ ಹಾಸಿ, ಅಂಗಾತ ಮಲಗಿ ಕಣ್ಣು ಮುಚ್ಚಿದಳು. "ತಲೆದೆಸೇಲಿ ಕುಂತ್ಕೊ. ಸುಳ್ಳು ಸೇರಿಸ್ಬ್ಯಾಡ. ನಿಮ್ಮವ್ವನ್ ಉಪ್ಪಿನಂಗೆ ನನ್ ತೆಪ್ಪೂ ಬರ್ಬೇಕು."

"ಬದ್ಕಿರೋವಾಗ್ಲೆ ಇದೆಂತದವ್ವ ಅಪ್ಸಕುನ" ಎಂದು ಒಳಗಿನಿಂದ ನಾಗಶ್ರೀ ಬೈದಳು. ಬೈದು ಮಿಷನ್ನನ್ನು ಜೋರಾಗಿ ತುಳಿದಳು.

ವೀಣ ಶುರು ಮಾಡಿದಳು. "ಒಪ್ಪಿಸ್ಬ್ಯಾಡ ಕಣೆ, ಇಸ್ಕೂಲಲ್ಲ ಇದು" ಎಂದಿತು ಹೆಣ. ವೀಣ ಮತ್ತೆ ಎತ್ತಿದಳು. ಈ ಸಲ ದನಿ ಎದೆಯಿಂದ ಬಂತು. ಊರ ಸಾವಿಗೆಲ್ಲ ಎದ್ದು ಹೋದವಳೇ, ಅಳಬೇಡ ಅಂದರೂ ಕೂತವಳೇ, ನನ್ನ ಎದೆಯ ಕಟ್ಟು ಬಿಚ್ಚಿದವಳೇ ಎಂದು ಹಾಡಿದಳು. ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಬಾಗಿಲ ಹತ್ತಿರದಿಂದ ನಾಗಶ್ರೀ "ನನ್ನವ್ವಾ" ಎಂದು ಸೊಲ್ಲು ಹಿಡಿದಳು.

ದೇವಿರಮ್ಮನ ಮುಚ್ಚಿದ ಕಣ್ಣುಗಳಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಅದನ್ನು ಕಂಡು ಇಬ್ಬರೂ ಹಾಡು ನಿಲ್ಲಿಸಿದರು.

"ಯಾಕ್ ನಿಲ್ಲಿಸ್ದ್ರಿ?" ಎಂದಳು ದೇವಿರಮ್ಮ, ಕಣ್ಣು ಬಿಡದೆಯೇ. "ಎಣ ಅತ್ರೆ ನಿಮಗೇನು? ಎತ್ರವ್ವ ಮುಂದ್ಕೆ."