ನಡಿಗಿ ಪಿಕ್ಚರಿಗೆ ನಾನು ಸೇರಿಸಿದ ಕಾಶಿ

೧೯೩೦ರಲ್ಲಿ ನಾನು ಹುಬ್ಬಳ್ಳಿಯ ಸ್ಟೇಷನ್ನಿಗೆ ಹತ್ತಿರದ ಒಂದು ತಗಡಿನ ಥಿಯೇಟರಿನಲ್ಲಿ ವಿವರಣೆಗಾರನಾಗಿದ್ದೆ. ಈಗ ಈ ಹುದ್ದೆಯ ಹೆಸರು ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ಆಗಿನ ಪಿಕ್ಚರುಗಳಿಗೆ ಮಾತಿರಲಿಲ್ಲ. ನಡುನಡುವೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆದ ಫಲಕಗಳು ಪರದೆಯ ಮೇಲೆ ಮೂಡಿ ಮರೆಯಾಗುತ್ತಿದ್ದವು. ನೋಡಲು ಬಂದವರಲ್ಲಿ ಬಹಳ ಜನಕ್ಕೆ ಓದು ಬಾರದು, ಓದು ಬಲ್ಲವರಿಗೂ ಓದುವಷ್ಟು ಪುರುಸೊತ್ತು ಸಿಗದು. ಅದಕ್ಕಾಗಿ ಪರದೆಯ ಎಡಗಡೆ ಎತ್ತರದ ಒಂದು ಸ್ಟೂಲು, ಆ ಸ್ಟೂಲಿನ ಮೇಲೆ ಕೈಯಲ್ಲಿ ಬಿದಿರಿನ ಕೋಲು ಹಿಡಿದ ನಾನು. ಯಾರು ಯಾರಿಗೆ ಏನೆಂದರು, ಯಾರು ಎಲ್ಲಿಗೆ ಹೊರಟರು ಎಂಬುದನ್ನೆಲ್ಲ ಕನ್ನಡದಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ಕೆಳಗೆ ಒಬ್ಬ ಹಾರ್ಮೋನಿಯಂ ಬಾರಿಸುತ್ತಿದ್ದ.

ಕೆಲಸದಲ್ಲಿ ನನಗೆ ಒಳ್ಳೆಯ ಹೆಸರಿತ್ತು, ಹೆಸರಿಗಿಂತ ಹೆಚ್ಚು ಸೊಕ್ಕಿತ್ತು. ತಂದೆ ಉಪ್ಪಿನಬೆಟಗೇರಿಯಲ್ಲಿ ಪುರಾಣ ಹೇಳುತ್ತಿದ್ದವರು. ಕೇಳುವವರು ಆಕಳಿಸಿದರೆ ಕತೆಗೆ ಕೈಕಾಲು ಮೂಡಿಸುವ ವಿದ್ಯೆ ನನಗೆ ಮನೆಯಿಂದಲೇ ಬಂದಿತ್ತು. ಫಲಕದಲ್ಲಿ ಎರಡು ಸಾಲಿದ್ದರೆ ನಾನು ಇಪ್ಪತ್ತು ಸಾಲು ಹೇಳುತ್ತಿದ್ದೆ. ಒಮ್ಮೆ ಮುಂಬಯಿಯಿಂದ ಬಂದ ಪೆಟ್ಟಿಗೆಯಲ್ಲಿ ಐದನೆಯ ರೀಲೇ ಇರಲಿಲ್ಲ. ರೀಲೆಂದರೆ ಸಾವಿರ ಅಡಿ ಉದ್ದದ ಫಿಲ್ಮಿನ ಸುರುಳಿ, ಸುಮಾರು ಕಾಲು ತಾಸಿನ ಆಟ. ದೀಪ ಹಚ್ಚಿಸದೆ, ಬಿಳಿಯ ಪರದೆಯ ಮುಂದೆ ಬರೀ ಮಾತಿನಲ್ಲೇ ಒಂದು ಯುದ್ಧ ಮಾಡಿ ಮುಗಿಸಿದೆ. ಹೊರಗೆ ಬಂದವನೊಬ್ಬ "ಯುದ್ಧ ಛಲೋ ತಗದಾರ ನೋಡ್ರಿ" ಎಂದ. ಆ ಮಾತು ಕೇಳಿ ಎಂಟು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ನಮ್ಮ ಮಾಲೀಕರು ಚನ್ನಬಸಪ್ಪ ಸಾವಕಾರರು, ಹತ್ತಿಯ ವ್ಯಾಪಾರಿಗಳು. "ಮಾಸ್ತರ್ರ, ಪಿಕ್ಚರ್ ಹ್ಯಾಂಗರ ಇರಲಿ, ನೀವಿದ್ರ ಆತು" ಎನ್ನುತ್ತಿದ್ದರು.

ಆ ವರ್ಷ ನಮ್ಮ ಥಿಯೇಟರಿಗೆ ನರಹರಿ ಎಂಬ ತರುಣ ಬಂದ. ಹೆಬ್ಬಳ್ಳಿಯವನು, ಮೂವತ್ತರ ಆಸುಪಾಸು. ಪುಣೆಯ ಕಡೆ ಒಂದು ಫಿಲ್ಮ್ ಕಂಪನಿಯಲ್ಲಿ ಕ್ಯಾಮೆರಾ ತಿರುಗಿಸುವುದನ್ನು ಕಲಿತು, ಈಗ ತನ್ನದೇ ಒಂದು ಪಿಕ್ಚರ್ ತೆಗೆಯುತ್ತಿದ್ದ. ಚಿತ್ರೀಕರಣ ಹೇಗಿರುತ್ತದೆ ಎಂದು ನೋಡುವ ಆಸೆಯಿಂದ ಒಂದು ರಜೆಯ ದಿನ ನಾನೂ ಹೆಬ್ಬಳ್ಳಿಯ ರಸ್ತೆಗೆ ಹೋದೆ. ಅಲ್ಲಿ ಚಕ್ಕಡಿಯ ಹಿಂಬದಿಗೆ ಕ್ಯಾಮೆರಾ ಕಟ್ಟಿದ್ದರು. ಚಕ್ಕಡಿ ಮುಂದೆ ಮುಂದೆ ಹೋಗಬೇಕು, ಹಿಂದೆ ನಟಿ ನಡೆದು ಬರಬೇಕು, ನರಹರಿ ಹಿಡಿಕೆ ತಿರುಗಿಸುತ್ತಿರಬೇಕು. ನಟಿ ನಾಟಕ ಕಂಪನಿಯ ಹೆಂಗಸು. ಪಾತ್ರ ವಿಧವೆಯದಾದರೂ ತಲೆ ಬೋಳಿಸಿಕೊಳ್ಳಲು ಒಪ್ಪದೆ, ಸೆರಗನ್ನು ಹಣೆಯವರೆಗೂ ಎಳೆದುಕೊಂಡಿದ್ದಳು. ಎರಡು ನಿಮಿಷದ ದೃಶ್ಯವೆಂದು ಶುರುವಾದದ್ದು. ಎತ್ತುಗಳಿಗೆ ಸಿನೆಮಾ ತಿಳಿಯುತ್ತದೆಯೇ? ಚಕ್ಕಡಿಯವನು ಹೋ ಹೋ ಎಂದರೂ ಅವು ಧಾರವಾಡದ ಸಂತೆಯ ದಾರಿ ಹಿಡಿದು ನಡೆದೇ ನಡೆದವು. ನರಹರಿಯೂ ಕೈ ನಿಲ್ಲಿಸಲಿಲ್ಲ. ನಟಿಯೂ ನಿಲ್ಲಲಿಲ್ಲ. ಆಕೆಗೆ ಖರೇನೇ ದಣಿವಾಗಿ, ಖರೇನೇ ಬೆವರಿಳಿದು, ಒಂದು ಕಡೆ ನಿಂತು ಹಿಂದೆ ತಿರುಗಿ ನೋಡಿ ಮತ್ತೆ ನಡೆದಳು. ಫಿಲ್ಮೇ ಮುಗಿಯಿತು.

ಅಷ್ಟನ್ನೂ ಪಿಕ್ಚರಿನಲ್ಲಿ ಇಡುತ್ತೇನೆಂದು ಆತ ಹೇಳಿದಾಗ ನನಗೆ ತಡೆಯಲಾಗಲಿಲ್ಲ. "ಇಷ್ಟುದ್ದ ಯಾರು ನೋಡತಾರ್ರೀ? ಏನೂ ಆಗೂದೇ ಇಲ್ಲಲ್ಲ ಇದರಾಗ" ಎಂದೆ.

"ನಮ್ಮ ಅಕ್ಕ ಈ ದಾರಿ ಪೂರಾ ನಡದಾಳ್ರೀ. ಕೂತು ನೋಡೋರಿಗೆ ಕಾಲು ತಾಸು ಆಗೂದಿಲ್ಲೇನು?" ಎಂದ ನರಹರಿ.

ಆಗ ಕತೆ ಹೇಳಿದ. ಅಕ್ಕ ಗೋದಾವರಿಗೆ ಹನ್ನೊಂದನೆಯ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಹತ್ತು ವರ್ಷ ಅಡಿಗೆಮನೆಯಲ್ಲಿ ಮಡಿಯಲ್ಲಿ ಕಳೆದವಳು ಒಂದು ಬೆಳಗ್ಗೆ ಯಾರಿಗೂ ಹೇಳದೆ ಹೆಬ್ಬಳ್ಳಿಯಿಂದ ಧಾರವಾಡ ಸ್ಟೇಷನ್ನಿನವರೆಗೆ ನಡೆದು ಗಾಡಿ ಹತ್ತಿದಳು. ಪುಣೆಯಲ್ಲಿ ಓದಿ ಅಲ್ಲೇ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರಣಿಯಾದಳು. ಇಪ್ಪತ್ತು ವರ್ಷದಿಂದ ಮನೆಯಲ್ಲಿ ಆಕೆಯ ಹೆಸರೆತ್ತುವಂತಿರಲಿಲ್ಲ. ಅಕ್ಕನ ಕತೆಯನ್ನು ಅಕ್ಕನ ನಾಡಿನಲ್ಲೇ, ಇದ್ದದ್ದು ಇದ್ದ ಹಾಗೆ, ನಾಲ್ಕು ಜನರ ಎದುರು ತೋರಿಸಬೇಕು ಎಂಬುದೊಂದೇ ನರಹರಿಯ ಹಟ. ಪಿಕ್ಚರಿಗೆ ಮರಾಠಿಯಲ್ಲಿ ಏನೋ ಒಂದು ಹೆಸರಿತ್ತು. ಹುಬ್ಬಳ್ಳಿಯಲ್ಲಿ ಮಾತ್ರ ಅದು ಕೊನೆಯವರೆಗೂ ನಡಿಗಿ ಪಿಕ್ಚರ್.

ಮೊದಲ ಆಟ ಒಂದು ರವಿವಾರ ಮಧ್ಯಾಹ್ನ. ಸಾವಕಾರರು ವಕೀಲರನ್ನು, ಮಾಸ್ತರರನ್ನು, ಪೇಟೆಯ ದೊಡ್ಡವರನ್ನು ಸಂಸಾರ ಸಮೇತ ಕರೆದಿದ್ದರು. ಹೆಂಗಸರಿಗೆ ಬಲಗಡೆ ಪರದೆ ಕಟ್ಟಿ ಬೇರೆ ಜಾಗ. ಏಳು ರೀಲು ಸುಸೂತ್ರವಾಗಿ ಹೋದವು. ಎಂಟನೆಯದು ನಡಿಗೆಯ ರೀಲು. ಮೊದಲು ಕೆಮ್ಮು, ಆಮೇಲೆ ಬೆಂಚಿನ ಕಿರಕಿರ, ಆಮೇಲೆ ಮಾತು. "ಎಲ್ಲಿಗೆ ಹೊಂಟಾಳಪಾ ಇಕಿ?" "ಯಾರರ ದಾರಿ ಕಾಯಾಕತ್ತಿರಬೇಕು!" ನಡುವೆ ಯಾರೋ ನಕ್ಕರು, ಒಳ್ಳೆಯ ನಗುವಲ್ಲ. ಒಂಬತ್ತನೆಯ ರೀಲಿನಲ್ಲಿ ಸ್ಟೇಷನ್ ಬರುವಷ್ಟರಲ್ಲಿ ಮುಂದಿನ ಸಾಲಿನ ಇಬ್ಬರು ವಕೀಲರು ಎದ್ದು ನಿಂತಿದ್ದರು. ಬಾಗಿಲ ಹತ್ತಿರ ಸಾವಕಾರರು ನನಗೆ ಕೈ ಮಾಡುತ್ತಿದ್ದರು, ಏನಾದರೂ ಮಾಡು ಎಂದು.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ನಾನು ಮಾತು ಬಲ್ಲವನು. ಕೋಲೆತ್ತಿ ಕೂಗಿದೆ: "ಕಾಶಿಗೆ! ನೋಡಿರಿ ಮಹಾಜನರೇ, ಸಂಸಾರವನ್ನು ತೊರೆದ ಈ ಸಾಧ್ವಿ ವಿಶ್ವನಾಥನ ಪಾದಕ್ಕೆ ಹೊರಟಿದ್ದಾಳೆ! ಗಂಗೆಯ ಮೆಟ್ಟಿಲ ಮೇಲೆ ಪತಿಯ ಹೆಸರಿನಲ್ಲಿ ದೀಪ ಬಿಡಲು ಹೊರಟಿದ್ದಾಳೆ!" ಹಾರ್ಮೋನಿಯಂನವನು ಜಾಣ, ತಕ್ಷಣ ಒಂದು ಭಜನೆಯ ಧಾಟಿ ಹಿಡಿದ. ನಿಂತವರು ಕೂತರು. ಹೆಂಗಸರ ಕಡೆಯಿಂದ ಅಳು ಕೇಳಿಸಿತು. ಆಕೆ ಗಾಡಿ ಹತ್ತಿದಾಗ ಕೆಲವರು ಕೈ ಮುಗಿದರು. ಆಟ ಮುಗಿದ ಮೇಲೆ ಅದೇ ವಕೀಲರು ನನ್ನ ಬೆನ್ನು ತಟ್ಟಿ ಹೋದರು. ಸಾವಕಾರರಂತೂ ತಮ್ಮ ಕೈಯಾರೆ ಸೋಡಾ ಒಡೆದುಕೊಟ್ಟರು.

ಸೋಡಾ ಮುಗಿದಿರಲಿಲ್ಲ, ನರಹರಿ ಬಂದು ನನ್ನನ್ನು ಥಿಯೇಟರಿನ ಹಿಂದಿನ ಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ನಲವತ್ತರ ಒಬ್ಬ ಹೆಂಗಸು ನಿಂತಿದ್ದರು. ಬಿಳಿ ಸೀರೆ, ಕನ್ನಡಕ, ಕೈಯಲ್ಲಿ ಒಂದು ಕೊಡೆ. "ನಮ್ಮಕ್ಕ. ಮುಂಜಾನಿ ಗಾಡಿಗೆ ಪುಣೆದಿಂದ ಬಂದಾಳ" ಎಂದ.

"ನಿಮ್ಮ ದನಿ ಭಾಳ ಛಲೋ ಅದರೀ ಮಾಸ್ತರ್ರ" ಎಂದರು ಗೋದಕ್ಕ. "ಆದ್ರ ನಾ ಕಾಶಿ ನೋಡೇ ಇಲ್ಲ."

ಕೈಯಲ್ಲಿದ್ದ ಸೋಡಾ ಬಾಟ್ಲಿ ಕೆಳಗಿಟ್ಟು "ಅಕ್ಕಾರ, ನಾ ಸುಮ್ಮನಿದ್ರ ಬೆಂಚು ಮುರೀತಿದ್ರು" ಎಂದೆ.

"ಬೆಂಚು ಬಡಿಗ್ಯಾ ಮತ್ತ ಮಾಡಿಕೊಡತಾನ. ಇಪ್ಪತ್ತು ವರ್ಷ ನಮ್ಮ ಮನಿಯವರು ಊರಾಗ ಇದನ್ನ ಹೇಳಿಕೋತ ಬಂದಾರ್ರೀ, ಗೋದಿ ಕಾಶ್ಯಾಗ ಇದ್ದಾಳ ಅಂತ. ಸುಳ್ಳು ಅಳಸ್ತೀನಿ ಅಂತ ನನ್ನ ತಮ್ಮ ಪಿಕ್ಚರ್ ತಗದ. ನೀವು ಅದನ್ನ ತಿರುಗಿ ಬರದ್ರಿ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಸಂಜೆಯ ಆಟಕ್ಕೆ ಏನು ಹೇಳಲಿ ಎಂದು ಕೇಳಿದೆ.

"ಪಡದೆ ಮ್ಯಾಲ ಏನದ? ಗಾಡಿ ಹತ್ತತಾಳ. ಅಷ್ಟ ಹೇಳ್ರಿ."

ಅಷ್ಟು ಹೇಳುವುದು ಎಷ್ಟು ಕಷ್ಟ ಎಂಬುದು ಸಂಜೆ ಗೊತ್ತಾಯಿತು. ನಡಿಗೆಯ ರೀಲಿನುದ್ದಕ್ಕೂ ನಾನು "ನಡೆದಳು" ಎಂದದ್ದು ಒಂದೇ ಸಲ. ಜನ ನನ್ನ ಕಡೆ ತಿರುಗಿ ನೋಡತೊಡಗಿದರು, ಇವನಿಗೇನು ಮೈಯಲ್ಲಿ ಹುಷಾರಿಲ್ಲವೇ ಎನ್ನುವ ಹಾಗೆ. ಸ್ಟೇಷನ್ ಬಂತು. "ಗಾಡಿ ಹತ್ತಿದಳು" ಎಂದು ಹೇಳಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡೆ. "ಎಲ್ಲಿಗೆ?" ಎಂದು ಒಬ್ಬ ಕೂಗಿದ. "ಯಾರ ಸಂಗಾಟ?" ಎಂದು ಇನ್ನೊಬ್ಬ. "ಬಾಯಿ ಬಿಡ್ರೀ ಮಾಸ್ತರ್ರ!" ನಾನು ಬಾಯಿ ಬಿಡಲಿಲ್ಲ. ಮೊದಲು ಒಂದು ಚಪ್ಪಲಿ ಬಂತು, ಆಮೇಲೆ ಸೋಡಾ ಬಾಟ್ಲಿ. ಇಂಥ ಹೆಂಗಸರಿಂದಲೇ ಊರು ಕೆಡುತ್ತದೆ ಎಂದು ಅರ್ಧ ಜನ, ಕೂತು ನೋಡಲು ಬಿಡ್ರೋ ಎಂದು ಅರ್ಧ ಜನ. ಆ ಗದ್ದಲದ ನಡುವೆ ಹೆಂಗಸರ ಕಡೆಯ ಪರದೆಯ ಹಿಂದಿನಿಂದ ಒಬ್ಬ ಹೆಂಗಸು ಗಟ್ಟಿಯಾಗಿ ಕೂಗಿದಳು: "ಹೋಗಲಿ ಬಿಡ್ರೆಪಾ ಆಕಿ!" ಯಾರೆಂದು ನನಗೆ ಇವತ್ತಿಗೂ ತಿಳಿಯದು. ಆ ಸಂಜೆ ಏಳು ಬೆಂಚು ಮುರಿದವು.

ಪಿಕ್ಚರ್ ಮೂರು ದಿನ ಓಡಿತು. ಬೈಯಲೆಂದೇ ಕೆಲವರು ಬಂದರು. ಧಾರವಾಡದ ಕಾಲೇಜಿನ ಒಂದು ಗುಂಪು ಮೂರೂ ದಿನ ಗಾಡಿ ಹತ್ತಿ ಬಂದು, ನಡಿಗೆಯ ರೀಲನ್ನು ಉಸಿರು ಬಿಗಿಹಿಡಿದು ನೋಡಿಹೋಯಿತು. ನಾಲ್ಕನೆಯ ದಿನ ಸಾವಕಾರರು ಪೆಟ್ಟಿಗೆ ಕಟ್ಟಿಸಿದರು. ನನ್ನನ್ನೂ ಕರೆದರು. "ಮಾಸ್ತರ್ರ, ನಿಮ್ಮನ್ನ ಮಾತಾಡಾಕ ಇಟ್ಟೇನಿ, ಸುಮ್ಮಕ ಕುಂದ್ರಾಕ ಅಲ್ಲ" ಎಂದು ನನ್ನ ಲೆಕ್ಕ ಮುಗಿಸಿ ಕಳಿಸಿದರು. ಅವರ ಮಾತಿನಲ್ಲಿ ತಪ್ಪಿಲ್ಲ. ಮುಂದೆ ಒಂದೆರಡು ವರ್ಷದಲ್ಲಿ ಪಿಕ್ಚರುಗಳೇ ಮಾತಾಡತೊಡಗಿದವು, ಇಡೀ ಕಸುಬೇ ಮನೆ ಸೇರಿತು. ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಕಾರಕೂನನಾದೆ.

ಆದರೆ ನಡಿಗಿ ಪಿಕ್ಚರ್ ಸಾಯಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದನ್ನು ನೋಡಿದೆ ಎನ್ನುವವರ ಸಂಖ್ಯೆ ನಮ್ಮ ತಗಡಿನ ಥಿಯೇಟರು ಹಿಡಿಸುವುದಕ್ಕಿಂತ ಎಷ್ಟೋ ಪಟ್ಟು ಬೆಳೆಯಿತು. ಹಾಗೆ ನೋಡಿದವರಲ್ಲಿ ಎರಡು ಪಂಗಡ. ಊರು ಕೆಡಿಸುವ ಪಿಕ್ಚರ್ ಎನ್ನುವವರು ಒಂದು ಕಡೆ, ಅಂಥ ಭಕ್ತಿಯ ಪಿಕ್ಚರ್ ಮತ್ತೆ ಬರಲಿಲ್ಲ ಎನ್ನುವವರು ಇನ್ನೊಂದು ಕಡೆ. ಈ ಜಗಳದ ಮೂಲ ನನ್ನ ಬಾಯಿ ಎಂಬುದು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ೧೯೪೪ರಲ್ಲಿ ಒಂದು ದಿನ ನಮ್ಮ ಹೈಸ್ಕೂಲಿನ ಮಾಸ್ತರರ ಕೋಣೆಯಲ್ಲಿ ಚಹದ ಹೊತ್ತಿಗೆ ಇದೇ ವಾದ ಎದ್ದಿತು. ಗಣಿತದ ದೇಸಾಯಿ ಮಾಸ್ತರರು ಭಕ್ತಿಯ ಪಂಗಡದವರು. ನಾನು ತಡೆಯಲಾರದೆ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಕಾಶಿ ಪಿಕ್ಚರಿನಲ್ಲಿ ಇರಲೇ ಇಲ್ಲ, ನಾನು ಸೇರಿಸಿದ್ದು ಎಂದೆ.

ದೇಸಾಯಿಯವರು ಕನಿಕರದಿಂದ ನನ್ನನ್ನು ನೋಡಿದರು. "ನಿಮಗ ವಯಸ್ಸಾತ್ರೀ. ನಾ ಕಣ್ಣಾರೆ ನೋಡೀನಿ. ಗಂಗಾನ ಮೆಟ್ಟಲದ ಮ್ಯಾಲ ಕೂತು ಆಕಿ ದೀಪ ಬಿಡತಾಳ. ಆ ದೀಪ ಇನ್ನೂ ನನ್ನ ಕಣ್ಣಾಗ ಅದ" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪರದೆಯ ಮೇಲೆ ಹಾಕಿ ತೋರಿಸೋಣವೆಂದರೆ ಪಿಕ್ಚರೂ ಉಳಿದಿರಲಿಲ್ಲ. ಇದ್ದ ಒಂದೇ ಪ್ರಿಂಟನ್ನು ಯಾವುದೋ ಗೋದಾಮಿನಿಂದ ಹಳೆಯ ರೀಲುಗಳ ಜೊತೆ ಒಯ್ದು, ತೊಳೆದು ಫಿಲ್ಮಿಗೆ ಬಳಿದ ಬೆಳ್ಳಿ ತೆಗೆದು, ಉಳಿದ ಪಟ್ಟಿಯನ್ನು ಬಳೆ ಮಾಡುವವರಿಗೆ ಕೊಟ್ಟರಂತೆ. ಇದನ್ನು ಹೇಳಿದವನು ನರಹರಿಯೇ. ಆತ ಮತ್ತೆ ಪಿಕ್ಚರ್ ತೆಗೆಯಲಿಲ್ಲ, ಪುಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. "ಯಾರ ಕೈಯಾಗೋ ಬಳಿ ಆಗಿರಬೇಕ್ರೀ ನಮ್ಮ ಪಿಕ್ಚರ್" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಆ ಹೊತ್ತಿಗೆ ಗೋದಕ್ಕ ಕೆಲಸದಿಂದ ನಿವೃತ್ತರಾಗಿ ಧಾರವಾಡಕ್ಕೆ ಬಂದಿದ್ದರು. ಮನೆಯ ಅಂಗಳದಲ್ಲಿ ಹತ್ತಿಪ್ಪತ್ತು ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಆ ವರ್ಷ ನರಹರಿ ಅಕ್ಕನನ್ನು ನೋಡಲು ಬಂದಾಗ, ನಡಿಗಿ ಪಿಕ್ಚರ್ ತೆಗೆದವನು ಇವನೇ ಎಂದು ತಿಳಿದು ಹುಡುಗಿಯರು ತೋರಿಸಿರೆಂದು ಗಂಟುಬಿದ್ದರು. ಇದ್ದರೆ ತಾನೇ ತೋರಿಸುವುದು? ಗೋದಕ್ಕ ನನಗೆ ಹೇಳಿಕಳಿಸಿದರು. ರವಿವಾರ ಮುಂಜಾನೆ ಹೋದೆ. ಅಂಗಳದಲ್ಲಿ ಒಂದು ಸ್ಟೂಲು ಹಾಕಿಟ್ಟಿದ್ದರು. ಕೋಲಿನ ಬದಲು ನನ್ನ ಕೊಡೆ.

ಹದಿನಾಲ್ಕು ವರ್ಷದ ಮೇಲೂ ನನಗೆ ಒಂದೊಂದು ದೃಶ್ಯ ಬಾಯಿಪಾಠವಿತ್ತು. ಎದುರಿನ ಬಿಳಿಯ ಗೋಡೆ ನೋಡುತ್ತ ಇದ್ದದ್ದನ್ನಷ್ಟೇ ಹೇಳುತ್ತ ಹೋದೆ. ನಡಿಗೆಯ ರೀಲು ಬಂದಾಗ ಅವಸರ ಮಾಡಲಿಲ್ಲ. ಅವಳು ನಿಂತು ತಿರುಗಿ ನೋಡಿದಲ್ಲಿ ನಾನೂ ನಿಂತೆ. ನರಹರಿ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ, ಅವನ ಬಲಗೈ ತಾನಾಗಿ ಹಿಡಿಕೆ ತಿರುಗಿಸುತ್ತಿತ್ತು. ಗೋದಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. "ಗಾಡಿ ಹತ್ತಿದಳು" ಎಂದೆ. ಕೊಡೆ ಕೆಳಗಿಟ್ಟೆ.

ಒಬ್ಬ ಹುಡುಗಿ ಕೇಳಿದಳು: "ಎಲ್ಲಿಗೆ ಹೋದ್ಲ್ರೀ ಆಕಿ?"

ಹಳೆಯ ಚಟ, ಬಾಯಿ ತೆರೆದೆ. ಹಾಗೆಯೇ ಮುಚ್ಚಿಕೊಂಡೆ. ಗೋದಕ್ಕ ಮೊರದಿಂದ ತಲೆ ಎತ್ತದೆ ಹೇಳಿದರು: "ಪುಣೆಕ್ಕ. ಟಿಕೀಟು ತಗೊಳ್ಳೂವಾಗ ಸೆರಗಿನ ರೊಕ್ಕದ ಗಂಟು ಲಗೂನ ಬಿಚ್ಚಲಿಲ್ಲ."

ಹುಡುಗಿಯರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಒಬ್ಬಳು ಇನ್ನೊಬ್ಬಳ ಮೊಣಕೈ ತಿವಿದಳು. ಆಮೇಲೆ ಅವರೆಲ್ಲ ನನ್ನನ್ನೂ ಗೋಡೆಯನ್ನೂ ಬಿಟ್ಟು, ಅಕ್ಕಿ ಆರಿಸುತ್ತಿದ್ದ ಆ ಮುದುಕಿಯ ಕಡೆಗೆ ತಿರುಗಿ ಕೂತರು. ನನ್ನ ಕಸುಬಿನಲ್ಲಿ ಜನ ನನ್ನನ್ನು ಬಿಟ್ಟು ಬೇರೆ ಕಡೆ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅಂದು ಕಣ್ಣು ತುಂಬಿ ಬಂತು.

ಆರು ವರ್ಷ ಸ್ಟೂಲಿನ ಮೇಲೆ ಕೂತು ಕಲಿಯದ್ದನ್ನು ಆ ಒಂದು ಪಿಕ್ಚರ್ ನನಗೆ ಕಲಿಸಿತು. ಪರದೆಯ ಮೇಲೆ ಎಷ್ಟಿದೆಯೋ ಅಷ್ಟು ಹೇಳಬೇಕು, ಉಳಿದದ್ದನ್ನು ಹೇಳುವ ಹಕ್ಕು ಅದನ್ನು ಬದುಕಿದವರದು. ದೇಸಾಯಿ ಮಾಸ್ತರರು ತೀರಿಕೊಳ್ಳುವ ತನಕ ಆ ದೀಪವನ್ನು ಬಿಟ್ಟುಕೊಡಲಿಲ್ಲ. ಅವರಂಥವರು ಧಾರವಾಡದಲ್ಲಿ ಇನ್ನೂ ಸಿಗುತ್ತಾರೆ, ಕಾಶಿಯ ಪಿಕ್ಚರ್ ಎಷ್ಟು ಛಲೋ ಇತ್ತು ಎನ್ನುತ್ತಾರೆ. ಪ್ರತಿಯೊಬ್ಬರನ್ನೂ ನಿಲ್ಲಿಸಿ ನಾನು ಅದನ್ನೇ ಹೇಳುತ್ತೇನೆ: "ಇಲ್ರೀ. ಆಕಿ ಗಾಡಿ ಹತ್ತಿದ್ಲು. ಅಷ್ಟ."