ಎರಡು ಶೆಲ್ಲು, ಮೂರು ಹಾಳೆ

ನಮ್ಮ ಅಮ್ಮನ ಮಗ್ಗದ ಮುಂದೆ ಫೋನು ತರುವಂತಿಲ್ಲ. ಕೆಲವು ವರ್ಷಗಳ ಹಿಂದೆ ನವಲಗುಂದದ ನಮ್ಮ ಮನೆಗೆ ಜಮಖಾನ ನೋಡಲು ಬಂದವರೊಬ್ಬರು ಅಮ್ಮ ನೇಯುತ್ತಿದ್ದ ನವಿಲನ್ನು ಫೋನಿನಲ್ಲಿ ಹಿಡಿದುಕೊಂಡು ಹೋದರು. ಮರುವರ್ಷ ಅದೇ ನವಿಲು, ಅದೇ ಓರೆ ಕುತ್ತಿಗೆ, ಮಷಿನ್ನಿನಲ್ಲಿ ಮಾಡಿದ ಚಾಪೆಯ ಮೇಲೆ ಸಂತೆಗೆ ಬಂದು ಕೂತಿತ್ತು. ಅಮ್ಮ ಅದನ್ನು ನೋಡಿದಳು. ಮನೆಗೆ ಬಂದು ಬಾಗಿಲ ಬಳಿ ಒಂದು ಬುಟ್ಟಿ ಇಟ್ಟಳು. ಅಂದಿನಿಂದ ಯಾರೇ ಬರಲಿ, ಫೋನನ್ನು ಅದರಲ್ಲಿ ಹಾಕಿಯೇ ಒಳಗೆ ಬರಬೇಕು. ನನಗೂ ರಿಯಾಯಿತಿ ಇಲ್ಲ.

ನಾನು ಈ ಮನೆಯ ಮಗಳು. ಶಲವಡಿಯ ಕಡೆ ಶಾಲೆಯೊಂದರಲ್ಲಿ ಕಲಿಸುತ್ತೇನೆ. ಊರ ಮಕ್ಕಳಿಗೆಲ್ಲ ಕಲಿಸುವ ನನಗೆ ನನ್ನ ತಾಯಿ ಜಮಖಾನ ನೇಯುವುದನ್ನು ಕಲಿಸಲಿಲ್ಲ. ಈ ಕೆಲಸವನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು ಎಂಬುದು ನಮ್ಮಲ್ಲಿ ನಡೆದು ಬಂದದ್ದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅವಳ ಬೆನ್ನಿಗೆ ವಿದ್ಯೆಯೂ ಹೊರಗೆ ಹೋಗುತ್ತದೆ ಎಂಬ ಹೆದರಿಕೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಣ್ಣನ ಮದುವೆಯಾಯಿತು. ತಿಂಗಳೊಳಗೆ ಅವನ ಹೆಂಡತಿ, ನಮ್ಮ ಭಾಬಿ, ಮಗ್ಗದ ಹಲಗೆಯ ಮೇಲೆ ಅಮ್ಮನ ಬಾಜು ಕೂತಳು. ನನಗೆ ನೂಲಿನ ಉಂಡೆ ಸುತ್ತುವ ಕೆಲಸ ಬಂತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಗಾದೆ ನೂಲಿನ ಮಟ್ಟಿಗೆ ಮಾತ್ರ ನಿಜ. ಭಾಬಿ ಒಳ್ಳೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಹೊಟ್ಟೆಕಿಚ್ಚು ಇದೆ.

ಈ ಚಳಿಗಾಲದಲ್ಲಿ ಅಮ್ಮನ ಬಲಭುಜ ಮೇಲೆ ಏಳದಾಯಿತು. ಡಾಕ್ಟರರು ಇನ್ನು ಮಗ್ಗ ಸಾಕು ಎಂದರು. ಹಿಡಿದದ್ದೊಂದನ್ನು ಮುಗಿಸಿ ಬಿಡುತ್ತೇನೆ ಎಂದಳು ಅಮ್ಮ. ಆ ಕೊನೆಯ ಜಮಖಾನವನ್ನು ಒಂದು ಶನಿವಾರ ಸಂಜೆ ಮಗ್ಗದಿಂದ ಕತ್ತರಿಸುವುದು, ಮರುದಿನ ಕೊಳ್ಳುವವರು ಒಯ್ಯುವುದು ಎಂದು ನಿಕ್ಕಿಯಾಯಿತು. ಅದು ಇಳಿಯುವುದರೊಳಗೆ ಅದರ ಮುಂದೆ ಕೂತ ಅಮ್ಮನ ಒಂದು ಫೋಟೋ ಆಗಲೇಬೇಕೆಂದು ನಾನು ಹಟ ಹಿಡಿದೆ. ಕೆಲಸ ನನಗೆ ದಕ್ಕಲಿಲ್ಲ, ಕೆಲಸ ಮಾಡುವವಳ ಚಿತ್ರವಾದರೂ ಇರಲಿ ಎಂಬುದು ನನ್ನ ಲೆಕ್ಕ.

ನನ್ನ ಮಗಳ ಹತ್ತಿರ ಒಂದು ಕ್ಯಾಮೆರಾ ಇದೆ. ಗುಂಡಿ ಒತ್ತಿದರೆ ಫೋಟೋ ಅಲ್ಲೇ ಹಾಳೆಯಾಗಿ ಹೊರಗೆ ಬರುತ್ತದೆ. ಇರುವುದು ಆ ಒಂದೇ ಹಾಳೆ, ಅದು ಯಾರ ಫೋನಿಗೂ ಹೋಗುವುದಿಲ್ಲ. ಇದನ್ನು ಅಮ್ಮನಿಗೆ ಎರಡು ದಿನ ಬಿಡಿಸಿ ಹೇಳಿದೆ. ಮನೆಯಲ್ಲಿ ನಾವು ಉರ್ದು ಆಡುವವರು, ಆದರೆ ಅಮ್ಮ ಖಡಾಖಡಿ ಮಾತಿಗೆ ಯಾವಾಗಲೂ ಕನ್ನಡಕ್ಕೇ ಬರುತ್ತಾಳೆ.

"ಒಂದ ತಗಿ. ಅದು ಈ ಮನಿ ಬಿಟ್ಟು ಹೋಗಂಗಿಲ್ಲ," ಎಂದಳು.

ಶನಿವಾರ ಶಾಲೆ ಮುಗಿಸಿ ಸಿಕ್ಕ ಬಸ್ಸು ಹತ್ತಿ ಬಂದೆ. ಮಗ್ಗದ ಎದುರು ನಿಂತು ಕ್ಯಾಮೆರಾದ ಗುಂಡಿ ಒತ್ತಿದರೆ ಅದು ಕಣ್ಣೇ ಬಿಡಲಿಲ್ಲ. ಬದಿಯ ಮುಚ್ಚಳ ತೆಗೆದೆ. ವರ್ಷದಿಂದ ಒಳಗೇ ಬಿಟ್ಟಿದ್ದ ಎರಡು ಪೆನ್ಸಿಲ್ ಶೆಲ್ಲು ಸೋರಿ, ಸ್ಪ್ರಿಂಗಿನ ಸುತ್ತ ಸುಣ್ಣದಂಥ ಪುಡಿ ಕಟ್ಟಿತ್ತು. ಬಳಸದಾಗ ಶೆಲ್ಲು ತೆಗೆದಿಡಬೇಕೆಂದು ಮಗಳಿಗೆ ಹತ್ತು ಸಲ ಹೇಳಿದವಳು ನಾನೇ. ಕ್ಯಾಮೆರಾವನ್ನು ಕಪಾಟಿಗೆ ಹಾಕಿದವಳೂ ನಾನೇ.

ಗೋಡೆಯ ಗಡಿಯಾರದಿಂದ ಒಂದು, ಕತ್ತಲಿಗೆ ಹಿಡಿಯುವ ಬ್ಯಾಟರಿಯಿಂದ ಒಂದು ಶೆಲ್ಲು ಕಿತ್ತು ಹಾಕಿದೆ. ಏನೂ ಆಗಲಿಲ್ಲ. ಭಾಬಿ ಅರ್ಧ ಲಿಂಬೆಹಣ್ಣು ತಂದುಕೊಟ್ಟಳು. ಕಡ್ಡಿಗೆ ಹತ್ತಿ ಸುತ್ತಿ, ಲಿಂಬೆರಸದಲ್ಲಿ ಅದ್ದಿ, ಆ ಪುಡಿಯನ್ನೆಲ್ಲ ತಿಕ್ಕಿ ತೆಗೆದು ಒಣಗಿಸಿದೆ. ಈ ಸಲ ಲೆನ್ಸು ಅರ್ಧ ಹೊರಗೆ ಬಂದು ಅಲ್ಲೇ ನಿಂತಿತು, ಕೆಂಪು ದೀಪ ಮಿಟುಕಿತು. ಕಿರಾಣಿ ಅಂಗಡಿಯಿಂದ ಹೊಸ ಶೆಲ್ಲು ತಂದು ಹಾಕಿದೆ. ಮತ್ತೆ ಅದೇ ಕೆಂಪು ದೀಪ. ಅಮ್ಮ ನಿಂತ ಗಡಿಯಾರ ನೋಡಿ, ನನ್ನನ್ನು ನೋಡಿ, ತನ್ನ ಕೆಲಸಕ್ಕೆ ತಿರುಗಿದಳು. ಮೇಲಂಚಿನ ಪಟ್ಟಿ ನಾಲ್ಕು ಬೆರಳಷ್ಟು ಮಾತ್ರ ಬಾಕಿ ಇತ್ತು.

ಭಾಬಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: ಅಮ್ಮ ನಮಾಜಿಗೆ ಏಳುತ್ತಾಳಲ್ಲ, ಅಷ್ಟರಲ್ಲಿ ಫೋನಿನಲ್ಲೇ ಜಮಖಾನದ್ದೊಂದು ತೆಗೆದುಬಿಡು, ನಾನು ನೋಡಿಲ್ಲ. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣು ಬುಟ್ಟಿಯ ಕಡೆ ಹೋಯಿತು. ಆದರೆ ಕದ್ದು ತೆಗೆದರೆ ಆ ಚಾಪೆಯವನಿಗೂ ನನಗೂ ಏನು ಫರಕು? ಚಪ್ಪಲಿ ಮೆಟ್ಟಿ ಪೇಟೆಗೆ ನಡೆದೆ.

ಮೊಬೈಲ್ ಅಂಗಡಿಯಲ್ಲಿ ಬೇರೆ ಬಗೆಯ ಶೆಲ್ಲು ಸಿಗಲಿಲ್ಲ, ಗಡಿಯಾರ ರಿಪೇರಿಯವರ ಹತ್ತಿರವೂ ಸಿಗಲಿಲ್ಲ. ಅವರೇ ಒಂದು ದಾರಿ ಹೇಳಿದರು: ಲೆನ್ಸು ನೂಕುವ ಮೋಟರಿಗೆ ಗಡಿಯಾರದ ಶೆಲ್ಲು ಸಾಲುವುದಿಲ್ಲ, ಬಿಪಿ ನೋಡುವ ಮಷಿನ್ನಿಗೆ ಹಾಕುವಂಥ ಗಟ್ಟಿ ಶೆಲ್ಲು ಬೇಕು, ಮೆಡಿಕಲ್ ಅಂಗಡಿಯಲ್ಲಿ ಕೇಳಿ. ಎರಡನೆಯ ಮೆಡಿಕಲ್ ಅಂಗಡಿಯಲ್ಲಿ ಸಿಕ್ಕವು. ಬಿಪಿ ಯಾರಿಗೆ ಎಂದು ಅಂಗಡಿಯವರು ಕಾಳಜಿಯಿಂದ ಕೇಳಿದರು. ಸದ್ಯಕ್ಕೆ ನನಗೇ ಎಂದೆ.

ಮನೆಗೆ ಬಂದು ಹಾಕಿದೆ. ಲೆನ್ಸು ಪೂರ್ತಿ ಹೊರಗೆ ಬಂತು, ದೀಪ ಕೆಂಪಾಗಲಿಲ್ಲ. ಅಲ್ಲಿಗೇ ಬಿಡಬೇಕಿತ್ತು. ಅವಸರವೇ ಅಪಘಾತಕ್ಕೆ ಕಾರಣ ಎಂದು ಬಸ್ಸಿನಲ್ಲಿ ದಿನಾ ಓದುವವಳು ನಾನು. ಆ ಬಿಳಿ ಪುಡಿ ಹಿಂಬದಿಗೂ ಇಳಿದಿದೆಯೋ ಏನೋ ಎಂದು ಹಿಂದಿನ ದೊಡ್ಡ ಮುಚ್ಚಳ ತೆಗೆದೆ. ಹಾಳೆಗಳಿರುವುದೇ ಅದರೊಳಗೆ. ಬೆಳಕು ಬಿದ್ದರೆ ಅವು ಕೆಟ್ಟಂತೆಯೇ. ಥಟ್ಟನೆ ಮುಚ್ಚಿದೆ, ಆದರೆ ಅಂಗಳದ ಬೆಳಕು ನನಗಾಗಿ ಕಾಯುವುದೇ? ಉಳಿದಿದ್ದದ್ದೇ ಮೂರು ಹಾಳೆ. ಗುಂಡಿ ಒತ್ತಿದರೆ ಮೊದಲನೆಯದು ಬೆಳ್ಳಗೆ ಬಂತು. ಎದೆ ಗಟ್ಟಿ ಮಾಡಿ ಅಮ್ಮನನ್ನು ನೇರ ಕೂರಿಸಿ ಎರಡನೆಯದು ತೆಗೆದೆ. ಅದೂ ಬೆಳ್ಳಗೆ. ಅಮ್ಮ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ನಾನು ಇಷ್ಟು ಬೆಳ್ಳಗೆ ಎಂದೂ ಇರಲಿಲ್ಲ ಎಂದಳು. ನನಗೆ ಅಳು ಬಂದಿತ್ತು. ಹಣ್ಣು ಹಿಂಡಿದ ಕೈ ಇನ್ನೂ ಲಿಂಬೆ ವಾಸನೆ ಹೊಡೆಯುತ್ತಿತ್ತು.

ಅಡಿಯಲ್ಲಿದ್ದ ಕೊನೆಯ ಹಾಳೆಗೆ ಬೆಳಕು ಕಡಿಮೆ ತಾಗಿರಬಹುದೆಂಬ ಆಸೆಯ ಮೇಲೆ ಕ್ಯಾಮೆರಾ ಎತ್ತಿದೆ. ಒಂದೇ ಉಳಿದದ್ದು ಎಂದು ಅಮ್ಮನಿಗೆ ಹೇಳಿದೆ. ಅವಳು ಹಲಗೆಯಿಂದ ಇಳಿದುಬಿಟ್ಟಳು.

"ನನ್ನ ಮಾರಿ ಆಧಾರ ಕಾರ್ಡಿನ್ಯಾಗ ಐತಿ. ನೀ ಕುಂಡ್ರು."

ಯಾಕೆ ಎಂದು ಕೇಳಿದೆ. ಕುಂಡ್ರು ಅಂದೆ ಎಂದಳು. ಆ ಹಲಗೆಯ ಮೇಲೆ ನಾನು ಕೂತವಳಲ್ಲ. ಅಮ್ಮ ನನ್ನ ಕೈಗೆ ಪಂಜಾ ಕೊಟ್ಟಳು, ಎಳೆ ಬಡಿದು ಕೂರಿಸುವ ಕಬ್ಬಿಣದ ಹಲ್ಲಿನ ಸಾಧನ ಅದು. ನಾನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಭಾಬಿ ಕ್ಯಾಮೆರಾ ಹಿಡಿದು ಗುಂಡಿ ಒತ್ತಿದಳು. ಮೂವರೂ ಹಾಳೆಯ ಸುತ್ತ ತಲೆ ಬಗ್ಗಿಸಿ ನಿಂತೆವು. ಮೊದಲು ಮಬ್ಬಾಗಿ ನವಿಲು, ಆಮೇಲೆ ನನ್ನ ಓಢಣಿ, ಆಮೇಲೆ ನಾನು ಮೂಡಿದೆವು. ಒಂದು ಅಂಚು ಬೆಳಕಿಗೆ ತೊಳೆದುಹೋಗಿತ್ತು, ಉಳಿದದ್ದೆಲ್ಲ ಸ್ವಚ್ಛ. ಭಾಬಿ ನಕ್ಕಳು. ಅಮ್ಮನ ಹುಬ್ಬು ಗಂಟಿಕ್ಕಿತು.

"ಪಂಜಾ ಹಿಂಗ ಹಿಡೀತಾರೇನು? ಇನ್ನೊಂದು ತಗಿ."

ಹಾಳೆ ಮುಗಿದವು ಎಂದೆ.

"ಹಂಗಾರ ಇದ ಮನ್ಯಾಗ ಇರತೈತಿ? ನೋಡಿದವ್ರು ಏನಂತಾರ? ನನ್ನ ಮಗಳಿಗೆ ಪಂಜಾ ಹಿಡಿಯಾಕ ಬರಂಗಿಲ್ಲ ಅಂತಾರ."

"ಬರಂಗಿಲ್ಲ. ನೀ ಕಲಿಸಿಲ್ಲ," ಎಂದೆ. ಕನ್ನಡದಲ್ಲೇ ಎಂದೆ. ಮೂವತ್ತು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು ಅದು.

ಭಾಬಿ ನೂಲಿನ ಉಂಡೆ ಎತ್ತಿಕೊಂಡು ಸುಮ್ಮನೆ ಸುತ್ತತೊಡಗಿದಳು.  ಅಮ್ಮ ನನ್ನ ಬಾಜು ಬಂದು ಕೂತು, ಏಳದ ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ನನ್ನ ಮುಂಗೈ ಮೇಲೆ ಇಟ್ಟಳು. ನನ್ನ ಹೆಬ್ಬೆರಳನ್ನು ಸರಿಸಿ ಪಂಜಾದ ಹಿಡಿಯ ಮೇಲೆ ಕೂರಿಸಿದಳು.

"ಈಗ ಬಡಿ," ಎಂದಳು.

ಅಮ್ಮ ನವಿಲು ನೇಯುವುದನ್ನು ಕಲಿಸಲಿಲ್ಲ, ಅದು ಇಂದಿಗೂ ಭಾಬಿಯದೇ. ಮೇಲಂಚಿನ ಸಾದಾ ಪಟ್ಟಿಯಲ್ಲಿ ನಾನು ನಾಲ್ಕು ಎಳೆ ಹಾಕಿ ಬಡಿದೆ. ಉಳಿದದ್ದನ್ನು ಭಾಬಿ ಮುಗಿಸಿದಳು. ಕತ್ತರಿಸುವ ಮೊದಲು ಅವಳು ಬೆರಳಾಡಿಸಿ ನೋಡಿ, ಈ ನಾಲ್ಕು ಸಡಿಲ ಬಿದ್ದಿವೆ, ಬಿಚ್ಚಿ ಮತ್ತೆ ಹಾಕಲೇ ಎಂದು ಕೇಳಿದಳು. ಕೂದಲೆಳೆಯಷ್ಟು ಸಡಿಲವಿದ್ದರೂ ಎಷ್ಟೋ ಸಲ ಭಾಬಿಯ ಇಡೀ ದಿನದ ಕೆಲಸ ಬಿಚ್ಚಿಸಿದವಳು ಅಮ್ಮ.

"ಇರ್ಲಿ ಬಿಡು," ಎಂದಳು. "ಆಕಿವು ಅವು."